ಎಡ ರೆಕ್ಕೆಯ ಬಳೆ

ಬಾನ್
11 ನವೆಂಬರ್ 2001

ಅಕ್ಕಾ,

ನಿನ್ನ ಕೋಣೆಯಲ್ಲಿ, ನಿನ್ನ ಮೇಜಿನ ಮುಂದೆ ಕೂತು, ನೀನು ಬಿಟ್ಟುಹೋದ ಪೆನ್ನಿನಿಂದಲೇ ನಿನ್ನ ಜೊತೆ ಜಗಳ ತೆಗೆಯುತ್ತಿದ್ದೇನೆ. ಕ್ಷೇಮಸಮಾಚಾರ ಆಮೇಲೆ.

ಶುಕ್ರವಾರ ಚಂದನ್ ಜೊತೆ ವಿಶ್ವವಿದ್ಯಾಲಯದ ಮೆನ್ಸಾ ಕ್ಯಾಂಟೀನಿಗೆ ಊಟಕ್ಕೆ ಹೋಗಿದ್ದೆ. ಚಂದನ್ ಗೊತ್ತಲ್ಲ, ನಮ್ಮ ಆಫೀಸಿನ ಮೈಸೂರಿನವನು. ಬಾಗಿಲಲ್ಲಿ ಆಂಕೆ ಎಂಬ ಹುಡುಗಿ ಹಳದಿ ಕರಪತ್ರ ಹಂಚುತ್ತಿದ್ದಳು. ಒಂದು ಪೆಂಗ್ವಿನ್ ಚಿತ್ರ, ಅದರ ಎಡ ರೆಕ್ಕೆಯ ಬುಡದಲ್ಲಿ ಒಂದು ಲೋಹದ ಪಟ್ಟಿ. ಮೇಲೆ ದಪ್ಪಕ್ಷರದಲ್ಲಿ, ‘ಈ ಹಕ್ಕಿ ಯಾರ ಕೈದಿ?’ ಜರ್ಮನ್ ನಿಘಂಟು ಹಿಡಿದು ಎರಡು ದಿನ ಕೂತು ಓದಿದೆ. ಪಟ್ಟಿ ಹಾಕಿದ ಹಕ್ಕಿ ನೀರಿನಲ್ಲಿ ನಿಧಾನವಾಗುತ್ತದಂತೆ, ಬೇಟೆ ತಪ್ಪುತ್ತದಂತೆ, ಮರುವರ್ಷ ಗೂಡಿಗೆ ಮರಳುವುದು ಕಡಿಮೆಯಂತೆ. ಕೊನೆಯಲ್ಲಿ ಇಂಥ ಪಟ್ಟಿ ಹಾಕುವ ಸಂಸ್ಥೆಗಳ ಹೆಸರುಗಳಿದ್ದವು. ನಿನ್ನ ಸಂಸ್ಥೆಯದೂ ಇತ್ತು.

ನೀನು ಪೆಂಗ್ವಿನ್ ಅಭ್ಯಾಸ ಮಾಡುತ್ತೀ ಎಂದು ನನಗೆ ಗೊತ್ತಿತ್ತು. ಅವುಗಳಿಗೆ ಬೇಡಿ ಹಾಕುತ್ತೀ ಎಂದು ನೀನು ಯಾವತ್ತೂ ಹೇಳಲಿಲ್ಲ. ನಾನು ಕೆಲಸಕ್ಕೆ ಇಲ್ಲಿಗೆ ಬರುವತನಕ ನೀನು ಅವ್ವನಿಗೆ ಬರೆದ ಪತ್ರಗಳನ್ನೆಲ್ಲ ಓದಿ ಹೇಳಿದವನು ನಾನು. ಒಂದರಲ್ಲೂ ಈ ಮಾತಿರಲಿಲ್ಲ.

‘ಕರಪತ್ರ ಓದಿ ಕೆಟ್ಟ ಹುಡುಗ’ ಎಂದು ನೀನು ನಗುತ್ತೀ. ನಗು. ರಾಮದುರ್ಗದ ಅಂಗಡಿಯಲ್ಲಿ ಅವ್ವ ಬಳೆ ಸುತ್ತಿ ಕೊಡಲು ಪ್ರೆಸ್ಸಿನಿಂದ ತೂಕಕ್ಕೆ ತರುತ್ತಿದ್ದ ಕಾಗದದಲ್ಲಿ ಹಂಚದೇ ಉಳಿದ ಕರಪತ್ರಗಳೇ ಹೆಚ್ಚಿರುತ್ತಿದ್ದವು. ಅಣುಸ್ಥಾವರ ಬೇಡ, ಸೆರೆಯಿಂದ ಬಿಡಿ, ಕೂಲಿ ಹೆಚ್ಚಿಸಿ. ಗಿರಾಕಿಗೆ ಡಜನ್ ಬಳೆ ಹೋಗುವ ಮೊದಲು ನಾನು ಆ ಹಾಳೆ ಓದಿರುತ್ತಿದ್ದೆ. ನನಗೆ ಓದು ಬಂದದ್ದು ನಿನ್ನಿಂದ, ಸಿಟ್ಟು ಬಂದದ್ದು ಆ ಹಾಳೆಗಳಿಂದ. ಎರಡನ್ನೂ ಬಿಡಲಾರೆ.

ಇವತ್ತು ಭಾನುವಾರ. ಬಾಟಲಿಗಳನ್ನು ಬೀದಿಯ ಗಾಜಿನ ತೊಟ್ಟಿಗೆ ಹಾಕಿದ್ದಕ್ಕೆ ಕೆಳಮನೆಯ ಮುದುಕಿ ಕಿಟಕಿಯಿಂದಲೇ ಬೈದಳು. ರಜೆಯ ದಿನ ಗಾಜಿನ ಸಪ್ಪಳ ಕೂಡದಂತೆ. ಬಳಿಗೇರ ಮನೆಯವನಿಗೆ ಗಾಜಿನ ಸಪ್ಪಳಕ್ಕೆ ಬೈಗುಳ! ಕೋಣೆಯಲ್ಲಿ ಕೂರಲಾಗದೆ ಆಮೇಲೆ ರೈನ್ ದಂಡೆಯಲ್ಲಿ ಕಾಲು ಸೋಲುವತನಕ ನಡೆದೆ.

ನೇರವಾಗಿ ಉತ್ತರ ಕೊಡು. ಆ ಪಟ್ಟಿಗಳನ್ನು ನೀನೇ ಹಾಕುತ್ತೀಯಾ?

ನಿನ್ನ ತಮ್ಮ,
ಬಸವಪ್ರಸಾದ


ಗ್ರೌವಾಲ್ ಕೊಲ್ಲಿ ಕೇಂದ್ರ
9 ಡಿಸೆಂಬರ್ 2001

ಪ್ರಸಾದ,

ನಿನ್ನ ಜಗಳ ಹಡಗಿನಲ್ಲಿ ಉಳ್ಳಾಗಡ್ಡಿ ಮೂಟೆಯ ಜೊತೆ ಬಂತು. ಎರಡೂ ಕಣ್ಣಲ್ಲಿ ನೀರು ತರಿಸಿದವು. ಒಂದು ನಗಿಸಿ ತರಿಸಿತು, ಯಾವುದೆಂದು ನೀನೇ ಊಹಿಸು.

ಹೌದು, ನಾನೇ ಹಾಕುತ್ತೇನೆ. ಈ ಕೇಂದ್ರದಲ್ಲಿ ನನ್ನಷ್ಟು ಚೆನ್ನಾಗಿ ಇನ್ನಾರೂ ಹಾಕುವುದಿಲ್ಲ.

ಕೇಂದ್ರ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡ. ದಕ್ಷಿಣ ಧ್ರುವದ ಹಿಮದಂಚಿನಲ್ಲಿ ಒಂದು ಮರದ ಮನೆ, ಎರಡು ಕಬ್ಬಿಣದ ಕಂಟೇನರ್, ನಾಲ್ಕು ಜನ. ಇಲ್ಲಿ ಬೇಸಿಗೆ ಶುರುವಾಗುವ ನವೆಂಬರಿನಲ್ಲಿ ಬಂದು ಕಿಟಕಿಗೆ ಬಡಿದ ಹಲಗೆ ಕೀಳುತ್ತೇವೆ, ಫೆಬ್ರವರಿಯಲ್ಲಿ ಮತ್ತೆ ಬಡಿದು ಹೋಗುತ್ತೇವೆ. ಮುಖ್ಯಸ್ಥ ಹೆನ್ನಿಂಗ್, ಇಪ್ಪತ್ತು ವರ್ಷದಿಂದ ಬರುತ್ತಿದ್ದಾನೆ, ಗಡ್ಡದಲ್ಲಿ ಸದಾ ಗಂಜಿ ಅಂಟಿರುತ್ತದೆ. ಉಟೆ ಡಾಕ್ಟರು, ಅಡುಗೆಯೂ ಅವಳದೇ. ಇನ್ನೊಬ್ಬ ಜನರೇಟರ್ ನೋಡುವವನು, ಮಾತು ಕಡಿಮೆ. ಹೊರಗೆ ಜೆಂಟೂ ಪೆಂಗ್ವಿನ್ನುಗಳು, ಕೆಂಪು ಕೊಕ್ಕು, ಕಣ್ಣ ಮೇಲೆ ಬಿಳಿ ಪಟ್ಟೆ. ಪಕ್ಕದ ಗೂಡಿನ ಕಲ್ಲು ಕದ್ದು ಏನೂ ಆಗದವರ ಹಾಗೆ ನಡೆದುಬರುತ್ತವೆ. ನಮ್ಮ ಓಣಿಯ ದುಂಡಪ್ಪ ಬೇರೆಯವರ ಜಗಲಿಯ ಇಟ್ಟಿಗೆ ತರುತ್ತಿದ್ದನಲ್ಲ, ಅದೇ ನಡಿಗೆ.

ಪಟ್ಟಿ ಯಾಕೆ ಅಂದರೆ, ಗುರುತಿಲ್ಲದಿದ್ದರೆ ನಾನು ನೋಡುವುದು ಬರೀ ಹಿಂಡು. ಗುರುತಿದ್ದರೆ ಒಂದೊಂದರ ಬಾಳು ಕಾಣುತ್ತದೆ. ಯಾರು ಯಾರ ಜೊತೆ ಗೂಡು ಕಟ್ಟಿದರು, ಯಾರ ಮರಿ ಬದುಕಿತು, ಯಾರು ವಾಪಸು ಬರಲಿಲ್ಲ. ಮೀನಿನ ದೊಡ್ಡ ಹಡಗುಗಳನ್ನು ಈ ನೀರಿನಿಂದ ದೂರ ಇಡಲು ನಮ್ಮ ಅಂಕಿಸಂಖ್ಯೆಗಳೇ ಆಧಾರ. ನಿನ್ನ ಹಳದಿ ಕಾಗದದಲ್ಲಿ ಅದಿತ್ತೇ?

ಹಕ್ಕಿಯ ತಲೆ ನನ್ನ ಬಗಲಲ್ಲಿ, ಮೈ ಮೊಣಕಾಲ ನಡುವೆ. ಎಡ ರೆಕ್ಕೆ ಹಿಡಿದು, ಬುಡ ಒತ್ತಿ ನೋಡಿ, ಅಲ್ಯೂಮಿನಿಯಂ ಪಟ್ಟಿ ತೊಡಿಸಿ, ಇಕ್ಕಳದಿಂದ ಮುಚ್ಚುವುದು. ಹೆನ್ನಿಂಗ್ ಹಾಕಿದ್ದು ಜೋಲಿಯ ಹಾಗೆ ತೂಗಾಡುತ್ತದೆ. ನಾನು ಬಂದ ಮೊದಲ ವರ್ಷವೇ ಅವನಿಗೆ ಹೇಳಿದೆ, ನಮ್ಮ ಅವ್ವ ಬಳೆಗಾರ್ತಿ, ಕೈ ಒತ್ತಿ ಅಳತೆ ಹೇಳುತ್ತಾಳೆ, ಗೆಣ್ಣು ದಾಟಿದ ಬಳೆ ಮೈಗೆ ಹತ್ತಿ ಕೂಡಬೇಕು ಅನ್ನುತ್ತಾಳೆ ಎಂದು. ನೆನಪಿದೆಯಾ, ಗಿರಾಕಿಗಳಿಗೆ ಹೇಳುತ್ತಿದ್ದಳು: “ಬಸವ್ವ ಇಟ್ಟ ಬಳಿ ರೊಟ್ಟಿ ಬಡದ್ರೂ ಸಪ್ಪಳಾಗೂದಿಲ್ಲ, ತಿಳೀತ?” ನನ್ನ ಪಟ್ಟಿಗಳೂ ಹಾಗೇ. ಉಗುರು ಕೂಡ ಒಳಗೆ ಹೋಗುವುದಿಲ್ಲ. ಈಗ ನಾಲ್ಕು ವರ್ಷದಿಂದ ಕೇಂದ್ರದ ನಿಯಮವೇ ಅದು. ಹೆನ್ನಿಂಗ್ ಇಕ್ಕಳ ನನಗೇ ಕೊಟ್ಟು ದೂರ ಕೂರುತ್ತಾನೆ. ಇಲ್ಲಿ ನಾವು ನಾಲ್ವರೂ ಅವನ್ನು ‘ಬಳೆ’ ಅಂತಲೇ ಅನ್ನುತ್ತೇವೆ. ಜರ್ಮನರ ಬಾಯಲ್ಲಿ ಅದು ‘ಬಾಲೆ’.

ಇನ್ನೊಂದು ಮಾತು. ನಿನಗೆ ಜರ್ಮನರು ಕಂಪ್ಯೂಟರ್ ಕೆಲಸದವರಿಗೆ ಕೊಡುವ ಐದು ವರ್ಷದ ಗ್ರೀನ್ ಕಾರ್ಡಿನ ಮೇಲೆ ಸಿಟ್ಟಿದೆ, ಇರಲಿ, ನನಗೂ ಇದೆ. ಆ ಸಿಟ್ಟನ್ನು ನನ್ನ ಹಕ್ಕಿಗಳ ಮೈಮೇಲೆ ಹೇರಬೇಡ.

ಹಿಟ್ಟಿನ ಡಬ್ಬಿಗೆ ಹುಳ ಬೀಳುವ ಮೊದಲು ಖಾಲಿ ಮಾಡು. ಅವ್ವನಿಗೆ ಫೋನ್ ಮಾಡು.

ನಿನ್ನಕ್ಕ,
ಶ್ರೀದೇವಿ


ಬಾನ್
6 ಜನವರಿ 2002

ಅಕ್ಕಾ,

ಮಾರ್ಕ್ ಹೋಗಿ ಯೂರೋ ಬಂದಿದೆ. ಎಲ್ಲರೂ ಅಂಗೈಯಲ್ಲಿ ಹೊಸ ನಾಣ್ಯ ತಿರುಗಿಸಿ ನೋಡುತ್ತ ನಿಲ್ಲುತ್ತಾರೆ. ಹೊರದೇಶದವರ ಕಚೇರಿ, ಆಸ್‌ಲೆಂಡರ್‌ಬೆಹೋರ್ಡೆಗೆ ಹೋಗಿದ್ದೆ. ಕಂಪನಿಯ ಹೆಸರು ಬಿಟ್ಟು ನನ್ನ ಪರವಾನಗಿಯಲ್ಲಿ ಓದುವಂಥದ್ದೇನೂ ಇಲ್ಲ. ಆ ಕಂಪನಿ ಬೇಡ ಅಂದರೆ ನಾನೂ ಬೇಡ. ನನ್ನ ಸಿಟ್ಟನ್ನು ಹಕ್ಕಿಗಳ ಮೇಲೆ ಹೇರಬೇಡ ಅಂದೆ. ಸರಿ. ಆದರೆ ಗುರುತು ಹಾಕುವವರು ಗುರುತು ಹೊತ್ತವರನ್ನು ಯಾವತ್ತಾದರೂ ಕೇಳುತ್ತಾರೆಯೇ? ಇಷ್ಟು ಕೇಳುವ ಹಕ್ಕು ನನಗಿದೆ.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಎಷ್ಟು ಹೆಮ್ಮೆಯಿಂದ ಬರೆದಿದ್ದೀ! ಆ ಹೆಮ್ಮೆಯೇ ನನ್ನನ್ನು ಕೂರಗೊಡುತ್ತಿಲ್ಲ. ಮೀನಿನ ಹಡಗುಗಳ ವಿಷಯ ಕರಪತ್ರದಲ್ಲಿ ಇರಲಿಲ್ಲ, ಒಪ್ಪುತ್ತೇನೆ. ಆದರೆ ನಿನ್ನ ಪತ್ರದಲ್ಲೂ ಒಂದು ಮಾತು ಇಲ್ಲ.

ನವೆಂಬರಿನಲ್ಲಿ ಹಲಗೆ ಕೀಳುತ್ತೇವೆ, ಫೆಬ್ರವರಿಯಲ್ಲಿ ಬಡಿಯುತ್ತೇವೆ ಅಂದೆ. ನೀವು ಹಲಗೆ ಬಡಿದು ಬಂದ ಮೇಲೆ ಏನಾಗುತ್ತದೆ? ವರ್ಷಕ್ಕೆ ನಾಲ್ಕು ತಿಂಗಳು ನೀವು ಅಲ್ಲಿರುತ್ತೀರಿ. ಆ ಹಕ್ಕಿಗಳು ಬಳೆ ಹೊತ್ತು ಹನ್ನೆರಡು ತಿಂಗಳು ಬದುಕಬೇಕು. ಉಳಿದ ಎಂಟು ತಿಂಗಳು ನೋಡಿದವರು ಯಾರು?

ಆಂಕೆಯ ಗುಂಪಿನ ಸಭೆಗೆ ಹೋಗತೊಡಗಿದ್ದೇನೆ. ಏಳೆಂಟು ಜನ, ಹಳೆಯ ಬೇಕರಿಯ ಹಿಂದಿನ ಕೋಣೆ, ಒಬ್ಬರ ಮಾತು ಇನ್ನೊಬ್ಬರು ಮುಗಿಯಗೊಡುವುದಿಲ್ಲ. ನನಗೆ ಊರಿಗೆ ಹೋದಂತಾಯಿತು. ಒಂದು ಹೊಸ ಕರಪತ್ರ ಬರೆದುಕೊಡು ಎಂದು ಕೇಳಿದ್ದಾರೆ. ಈ ದೇಶದಲ್ಲಿ ನನ್ನನ್ನು ಕೋಡ್ ಬಿಟ್ಟು ಬೇರೇನಾದರೂ ಬರೆದುಕೊಡು ಎಂದು ಕೇಳಿದವರು ಅವರೇ ಮೊದಲು.

ಚಂದನ್‌ಗೆ ಹೇಳಿದೆ. ಅವನು ತಲೆ ಚಚ್ಚಿಕೊಂಡ. “ಮಗಾ, ನಮ್ ಕಂಪ್ನಿಗೆ ದೊಡ್ಡ ಕ್ಲೈಂಟ್ ಯಾರು ಹೇಳು? ನಿಮ್ಮಕ್ಕನ್ ಇನ್‌ಸ್ಟಿಟ್ಯೂಟೇ. ಅವ್ರ ಸರ್ವರ್‌ಗೆ ಬೆಳಿಗ್ಗೆ ಎದ್ದು ಪೂಜೆ ಮಾಡೋನು ನೀನು, ಸಂಜೆ ಹೋಗಿ ಅವ್ರಿಗೇ ಧಿಕ್ಕಾರ ಕೂಗ್ತೀನಿ ಅಂತೀಯಲ್ಲ ಗುರು!”

“ಸತ್ಯ ಹೇಳಾಕ ಕ್ಲೈಂಟ್‌ನ್ನ ಕೇಳ್ಬೇಕೇನು?” ಅಂದೆ.

“ಸತ್ಯ ಹೇಳು, ಯಾರ್ ಬೇಡ ಅಂದ್ರು. ವೀಸಾ ಎಕ್ಸ್‌ಟೆನ್ಶನ್ ಆದ್ಮೇಲೆ ಹೇಳು.”

ನಕ್ಕೆ. ಆದರೆ ಬರೆಯುತ್ತಿದ್ದೇನೆ. ನಿನಗೆ ತಿಳಿಸದೆ ಬರೆಯಬಾರದೆಂದು ತಿಳಿಸುತ್ತಿದ್ದೇನೆ.

ಪ್ರಸಾದ


ಗ್ರೌವಾಲ್ ಕೊಲ್ಲಿ
27 ಜನವರಿ 2002

ಪ್ರಸಾದ,

ಹಡಗು ಕೊಲ್ಲಿಯಲ್ಲಿ ನಿಂತಿದೆ, ದೋಣಿ ಕಾಯುತ್ತಿದೆ. ಅದಕ್ಕೇ ಚುಟುಕಾಗಿ ಬರೆಯುತ್ತೇನೆ.

ಅಚ್ಚು ಹಾಕಿಸಬೇಡ. ಏಪ್ರಿಲಿನಲ್ಲಿ ಸಂಸ್ಥೆಯ ಸಭೆ ಇದೆ. ನನಗೆ ಕಾಯಂ ಕೆಲಸ ಕೊಡುವುದು, ಈ ಕೇಂದ್ರವನ್ನು ಮುಂದುವರಿಸುವುದು, ಎರಡೂ ಅಲ್ಲೇ ತೀರ್ಮಾನ. ಕೆಲಸ ಸಿಗದಿದ್ದರೆ ಅಕ್ಟೋಬರಿಗೆ ನನ್ನ ಪರವಾನಗಿ ಮುಗಿಯುತ್ತದೆ. ಐದು ವರ್ಷ, ಪ್ರಸಾದ. ಕೈಬೆರಳು ಮರಗಟ್ಟಿ ಉಗುರು ಬಿದ್ದು ಬಂದ ಐದು ವರ್ಷ.

ನಾನು ಬಂದ ಮೇಲೆ ಎದುರೆದುರು ಕೂತು ಜಗಳವಾಡೋಣ. ಅಲ್ಲಿತನಕ ತಡಿ. ಅಕ್ಕನ ಮಾತು ಇದೊಂದು ಕೇಳು.

ನಿನ್ನ ಒಂದು ಪ್ರಶ್ನೆ ಉಳಿದಿದೆ. ಹಲಗೆ ಬಡಿದ ಮೇಲೆ ಏನಾಗುತ್ತದೋ ನಾನು ನೋಡಿಲ್ಲ. ನಾಷ್ಟಾದ ಹೊತ್ತಿಗೆ ಹೆನ್ನಿಂಗನನ್ನು ಕೇಳಿದೆ. ಅವನು ಚಮಚ ಕೆಳಗಿಟ್ಟು ತಲೆ ಅಲ್ಲಾಡಿಸಿದ. ಇಪ್ಪತ್ತು ವರ್ಷದಲ್ಲಿ ಅವನೂ ನೋಡಿಲ್ಲ.

ಶ್ರೀದೇವಿ


ಬಾನ್
17 ಫೆಬ್ರವರಿ 2002

ಅಕ್ಕಾ,

ನಿನ್ನ ಪತ್ರ ನಿನ್ನೆ ಬಂತು. ಎರಡು ದಿನ ಮೊದಲು ಬಂದಿದ್ದರೆ ಎಂದು ಬರೆಯಲು ಹೊರಟು ನಿಲ್ಲಿಸಿದೆ. ಬಂದಿದ್ದರೂ ನಾನು ಸುಮ್ಮನಿರುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ.

ಗುರುವಾರ ಸಂಜೆ ಸಂಗ್ರಹಾಲಯದ ಸಭಾಂಗಣದಲ್ಲಿ ನಿನ್ನ ಸಂಸ್ಥೆಯ ನಿರ್ದೇಶಕರ ಸಾರ್ವಜನಿಕ ಉಪನ್ಯಾಸವಿತ್ತು. ಬಾಗಿಲಲ್ಲಿ ನಾವು ಹೊಸ ಕರಪತ್ರ ಹಂಚಿದೆವು. ಬರೆದವನು ನಾನು, ಜರ್ಮನ್ ತಿದ್ದಿದವಳು ಆಂಕೆ. ಆಮೇಲೆ ಒಳಗೆ ಹೋಗಿ ಕೂತೆವು. ಪರದೆಯ ಮೇಲೆ ನಿಮ್ಮ ಮರದ ಮನೆ ಬಂತು. ಮಕ್ಕಳು ಪೆಂಗ್ವಿನ್ ನಡಿಗೆ ನೋಡಿ ನಕ್ಕವು. ನಾನು ಎದ್ದೆ. ನನ್ನ ಹರಕುಮುರುಕು ಜರ್ಮನ್‌ನಲ್ಲಿ ಕೇಳಿದೆ, ಉಳಿದ ಎಂಟು ತಿಂಗಳು ನೋಡಿದವರು ಯಾರು?

ನಿರ್ದೇಶಕರು ಸಿಟ್ಟಾಗಲಿಲ್ಲ. ಅದೇ ಕಷ್ಟವಾಯಿತು. “ಒಳ್ಳೆಯ ಪ್ರಶ್ನೆ. ಆದರೆ ಹಕ್ಕಿಗಳು ಸಾಯುತ್ತಿವೆ ಎಂದು ನಿಮ್ಮ ಕರಪತ್ರ ಹೇಳುತ್ತದೆ. ಅದು ನಿಮಗೆ ಹೇಗೆ ಗೊತ್ತು?” ಎಂದರು. ಇಡೀ ಸಭೆ ನನ್ನ ಕಡೆ ತಿರುಗಿತು. ನನ್ನ ಹತ್ತಿರ ಏನೂ ಇರಲಿಲ್ಲ. ಹಳದಿ ಕಾಗದ ಬಿಟ್ಟರೆ ಏನೇನೂ ಇರಲಿಲ್ಲ.

ಆಗ ನಾನು ಹೇಳಿದೆ, “ನನ್ನ ಅಕ್ಕ ಅಲ್ಲೇ ಕೆಲಸ ಮಾಡುತ್ತಾಳೆ. ಅವಳಿಗೆ ಮನಸ್ಸಿಲ್ಲ. ವೀಸಾದ ಹೆದರಿಕೆಗೆ, ನೀವು ಬಲವಂತ ಮಾಡಿದ್ದಕ್ಕೆ, ಬೇಡಿ ಹಾಕುತ್ತಾಳೆ.”

ನಿನ್ನ ಹೆಸರನ್ನೂ ಹೇಳಿದೆ.

ಚಪ್ಪಾಳೆ ಬಿತ್ತು ಅಕ್ಕಾ. ನಾನು ಸುಳ್ಳು ಹೇಳಿದ್ದಕ್ಕೆ ಬಿದ್ದ ಚಪ್ಪಾಳೆ ಎಂದು ಸಭಾಂಗಣದಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಹೊರಗೆ ಬಂದಾಗ ಆಂಕೆ ಬೆನ್ನು ತಟ್ಟಿದಳು. ಕೈ ತೆಗಿ ಅನ್ನಬೇಕೆನಿಸಿತು.

ಕಂಪನಿಯಲ್ಲಿ ಶುಕ್ರವಾರವೇ ಕರೆದು ಹೇಳಿದರು, ಮಾರ್ಚ್ ಕೊನೆಗೆ ಸಾಕು ಎಂದು. ಚಂದನ್ ‘ನಾನ್ ಹೇಳಿದ್ದೆ’ ಅನ್ನಲಿಲ್ಲ. ಕಾಫಿ ತಂದಿಟ್ಟ. ಹರ್ಟ್ಸೋಗೆನಾವ್‌ರಾಕ್ ಎಂಬ ಊರಲ್ಲಿ ಅವನ ಪರಿಚಯದವರೊಬ್ಬರು ಜನ ಹುಡುಕುತ್ತಿದ್ದಾರಂತೆ.

ನೀನು ಇಷ್ಟರಲ್ಲಿ ಹಡಗು ಹತ್ತಿರಬೇಕು. ಈ ಪತ್ರ ನಿನಗೆ ಎಲ್ಲಿ ಸಿಗುತ್ತದೋ ತಿಳಿಯದು. ಬೈಗುಳಕ್ಕೆ ಕಾಯುತ್ತಿದ್ದೇನೆ.

ಪ್ರಸಾದ


ಗ್ರೌವಾಲ್ ಕೊಲ್ಲಿ
5 ಮಾರ್ಚ್ 2002

ಪ್ರಸಾದ,

ನಾನು ಹಡಗು ಹತ್ತಲಿಲ್ಲ. ಫೆಬ್ರವರಿಯ ಹಡಗಿನಲ್ಲಿ ಹೆನ್ನಿಂಗ್ ಮತ್ತು ಜನರೇಟರಿನವನು ಹೋದರು. ನಾನು ಮತ್ತು ಉಟೆ ಉಳಿದೆವು. ಈ ಕೇಂದ್ರದ ಕಿಟಕಿಗೆ ಮಾರ್ಚಿನಲ್ಲಿ ಹಲಗೆ ಇಲ್ಲದಿರುವುದು ಇದೇ ಮೊದಲು. ನಿನ್ನ ಪ್ರಶ್ನೆ ನನಗೆ ನಿದ್ದೆ ಕೊಡಲಿಲ್ಲ. ಹೋಗಿ ನಿನ್ನ ಮುಖಕ್ಕೆ ಹೊಡೆಯಲು ಒಂದು ಉತ್ತರ ಬೇಕಿತ್ತು.

ಮರಿಗಳು ನೀರಿಗಿಳಿದ ಮೇಲೆ ದೊಡ್ಡವು ಕಡಲಿಗೆ ಹೋಗಿ ಮೈತುಂಬ ತಿಂದು ಬಂದವು. ಬಂದು ದಂಡೆಯ ಮೇಲೆ ನಿಂತವು. ಈಗ ಹಳೆಯ ಗರಿ ಉದುರಿ ಹೊಸತು ಬರುವ ಕಾಲ. ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ನೋಡಿರಲಿಲ್ಲ. ಆ ದಿನಗಳಲ್ಲಿ ಅವು ನೀರಿಗಿಳಿಯುವುದಿಲ್ಲ, ತಿನ್ನುವುದಿಲ್ಲ. ಹರಿದ ಕೌದಿ ಹೊದ್ದವರ ಹಾಗೆ ಗಾಳಿಗೆ ಬೆನ್ನು ಕೊಟ್ಟು ನಿಲ್ಲುತ್ತವೆ. ದಂಡೆಯ ತುಂಬ ಗರಿ. ಗಂಜಿಯಲ್ಲೂ ಗರಿ.

ಗರಿ ಬದಲಾಗುವಾಗ ರೆಕ್ಕೆ ಬಾಯುತ್ತದೆ, ಪ್ರಸಾದ.

ಹೊಸ ಗರಿಗೆ ರಕ್ತ ಇಳಿದು ಎರಡೂ ರೆಕ್ಕೆ ದಪ್ಪಗಾಗುತ್ತವೆ. ಬಳೆಯಿಲ್ಲದ ರೆಕ್ಕೆ ಬಾತು ಮತ್ತೆ ಇಳಿಯುತ್ತದೆ. ಬಳೆ ಇದ್ದ ರೆಕ್ಕೆಗೆ ಬಾಯಲು ಜಾಗವಿಲ್ಲ. ಮೊದಲ ಹಕ್ಕಿಯನ್ನು ಹಿಡಿದಾಗ ಪಟ್ಟಿ ಕಾಣಲೇ ಇಲ್ಲ. ಬಿದ್ದುಹೋಗಿದೆ ಅಂದುಕೊಂಡೆ. ಬೆರಳಿಟ್ಟು ಹುಡುಕಿದೆ. ಮಾಂಸದೊಳಗೆ ಹುಗಿದಿತ್ತು. ಉಟೆ ಟಾರ್ಚ್ ಹಿಡಿದಳು. ಒಂದು ಕಡೆ ಮೂಳೆ ಕಾಣುತ್ತಿತ್ತು. ಹಕ್ಕಿ ಕಚ್ಚಲೂ ಇಲ್ಲ. ಕಚ್ಚುವ ಶಕ್ತಿ ಇರಲಿಲ್ಲ.

ಆಮೇಲೆ ನೋಡುತ್ತ ಹೋದೆವು. ಹೆನ್ನಿಂಗನ ಹಳೆಯ ಪಟ್ಟಿಗಳು, ನಾನು ನಕ್ಕ ಆ ಜೋಲುಪಟ್ಟಿಗಳು, ಬಾತ ರೆಕ್ಕೆಯ ಮೇಲೂ ತಿರುಗುತ್ತಿದ್ದವು. ಗರಿ ಸವೆದಿತ್ತು, ಗಾಯವಿರಲಿಲ್ಲ. ಕೊಯ್ದದ್ದು ನನ್ನವು. ಮೈಗೆ ಹತ್ತಿ ಕೂತವು. ರೊಟ್ಟಿ ಬಡಿದರೂ ಸಪ್ಪಳಾಗದವು. ಮರಳಿ ಬಾರದ ಹಕ್ಕಿಗಳನ್ನೆಲ್ಲ ಇಷ್ಟು ವರ್ಷ ಪೆಂಗ್ವಿನ್ ತಿನ್ನುವ ಕಡಲಚಿರತೆ ಸೀಲ್‌ಗಳ ಲೆಕ್ಕಕ್ಕೆ ಬರೆದಿದ್ದೆ.

ಒಂದು ನೆನಪಾಯಿತು. ಬಸುರಿಯರಿಗೆ ಕುಬಸದ ಹಸಿರು ಬಳೆ ಇಡುವಾಗ ಅವ್ವ ಕೈ ಒತ್ತಿ ನೋಡಿ, ಒಂದು ಅಳತೆ ದೊಡ್ಡದನ್ನೇ ತೆಗೆಯುತ್ತಿದ್ದಳು. ಬಸುರಿಯ ಅತ್ತೆ ಒಮ್ಮೆ ತಕರಾರು ತೆಗೆದಳು, “ಏನಬೇ ಬಸವ್ವ, ಕೈಯಾಗ ಗಾಡಿಗಾಲಿ ತಿರುಗಿದ್ಹಂಗ ತಿರಗಾಕತ್ತಾವಲ್ಲ?” ಅವ್ವ ಅಂದಳು, “ತಿರಗಲಿ ತಗೋ ಯವ್ವಾ. ಮುಂದ ಕೈ ಬಾತ್ರ ಅಕಿ ಎಲ್ಲಿ ಹೋಗಬೇಕು?” ನಾನು ಪಕ್ಕದಲ್ಲೇ ಬಳೆ ಪೋಣಿಸುತ್ತ ಕೂತಿದ್ದೆ. ಆ ಮನೆಯಿಂದ ನಾನು ಬಿಗಿಯನ್ನಷ್ಟೇ ಹೊತ್ತು ತಂದೆ.

ಈಗ ಬೆಳಗಾದರೆ ಇಕ್ಕಳ ಹಿಡಿದು ಹೊರಡುತ್ತೇವೆ. ಸಿಕ್ಕ ಹಕ್ಕಿಯ ಪಟ್ಟಿ ಕತ್ತರಿಸುತ್ತೇವೆ. ಎಲ್ಲ ಸಿಗುವುದಿಲ್ಲ. ಇಲ್ಲಿರದೆ ಬೇರೆ ದಂಡೆಗೆ ಹೋಗಿ ನಿಂತವು ಎಷ್ಟೋ. ಉಟೆ ಗಾಯ ತೊಳೆಯುತ್ತಾಳೆ.

ಕೊನೆಯ ಹಡಗು ಮುಂದಿನ ವಾರ. ಪೆಟ್ಟಿಗೆಗಳ ಜೊತೆ ಅದೇ ದಾರಿಯಲ್ಲಿ ಬ್ರೆಮರ್‌ಹಾಫನ್ ಬಂದರಿನ ತನಕ ಕಡಲಲ್ಲೇ ಬರುತ್ತೇನೆ. ಈ ಪತ್ರವನ್ನು ಪುಂಟಾ ಅರೆನಾಸ್ ಬಂದರಿನಲ್ಲಿ ವಿಮಾನದ ಅಂಚೆಗೆ ಹಾಕುತ್ತೇನೆ.

ನೀನು ನನ್ನ ಮಾತು ಕೇಳಿ ಕರಪತ್ರ ತಡೆಹಿಡಿದಿದ್ದರೆ, ಈಗ ಬರೆ. ನನ್ನ ಹೆಸರು ಹಾಕಿ ಬರೆ.

ಶ್ರೀದೇವಿ

(ಪುಂಟಾ ಅರೆನಾಸ್, 16 ಮಾರ್ಚ್. ನಿನ್ನ ಫೆಬ್ರವರಿಯ ಪತ್ರ ಇಲ್ಲಿ ಸಿಕ್ಕಿತು. ಬೇಡಿ ಹಾಕಿದವಳು ಅಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಲವಂತಕ್ಕೆ ಹಾಕಿದವಳು ಅಂದೆಯಲ್ಲ. ನನ್ನ ಕೈ ನನ್ನದಲ್ಲ ಅಂದೆ. ಉಳಿದದ್ದು ಬಂದ ಮೇಲೆ.)


ಬಾನ್
30 ಮಾರ್ಚ್ 2002

ಅಕ್ಕಾ,

ಈ ಪತ್ರವನ್ನು ನಿನ್ನ ಮೇಜಿನ ಮೇಲೆ, ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟು ಹೋಗುತ್ತಿದ್ದೇನೆ. ಸೋಮವಾರದಿಂದ ಹರ್ಟ್ಸೋಗೆನಾವ್‌ರಾಕ್. ಕೆಲಸ ಸಿಕ್ಕಿದೆ, ಹೊಸ ಪರವಾನಗಿಯಲ್ಲಿ ಹೊಸ ಕಂಪನಿಯ ಹೆಸರು ಅಚ್ಚಾಗಿದೆ. ನಿನ್ನ ಮುಖ ನೋಡುವ ಧೈರ್ಯ ಸಾಲದೆ ಹೋಗುತ್ತಿದ್ದೇನೆ ಎಂದೇ ತಿಳಿ.

ನಿನ್ನ ಪತ್ರ ಓದಿದೆ. ನೀನು ಹಡಗು ಹತ್ತಲಿಲ್ಲ ಎಂದು ನಿನ್ನ ಸಂಸ್ಥೆಯಿಂದ ಮೊದಲೇ ತಿಳಿದಿತ್ತು. ಆಂಕೆಗೆ ಅಕ್ಕ ಮಾರ್ಚಿನ ತನಕ ಅಲ್ಲೇ ಉಳಿದಿದ್ದಾಳೆ ಎಂದಷ್ಟೇ ಹೇಳಿದ್ದೆ. “ಅವಳು ಏನು ನೋಡಿದಳು? ಪತ್ರ ಬಂತೇ?” ಎಂದು ದಿನಾ ಕೇಳುತ್ತಾಳೆ. ಬಂದಿಲ್ಲ ಅಂದೆ. ನೋಡು, ಇನ್ನೊಂದು ಸುಳ್ಳು.

ನವೆಂಬರಿನಲ್ಲಿ ನಾನು ಕೇಳಿದ್ದು ನೇರ ಉತ್ತರ. ಈಗ ನೀನು ಕೊಟ್ಟಿದ್ದೀ. ಇಷ್ಟು ನೇರದ ಉತ್ತರವನ್ನು ನಾನು ಓದಿದ ಯಾವ ಕರಪತ್ರವೂ ಕೊಟ್ಟಿರಲಿಲ್ಲ. ಅವುಗಳಲ್ಲಿ ತಪ್ಪು ಮಾಡುವವರು ಯಾವಾಗಲೂ ದೂರದವರು, ದೊಡ್ಡವರು, ಬೂಟು ಹಾಕಿದವರು. ನನ್ನ ಕೈಹಿಡಿದು ಅಕ್ಷರ ತೀಡಿಸಿದ ಕೈಯ ವಿರುದ್ಧ ಬರೆಯುವುದು ಹೇಗೆಂದು ಯಾವ ಹಾಳೆಯಲ್ಲೂ ಇರಲಿಲ್ಲ.

ಬರೆ ಅಂದೆ. ನಾಲ್ಕು ಸಲ ಕೂತೆ. ಆಗಲಿಲ್ಲ. ಸಭೆಯಲ್ಲಿ ನೀನೂ ಸುಮ್ಮನಿರು ಅಕ್ಕಾ. ಕತ್ತರಿಸಬೇಕಾದ್ದನ್ನು ಕತ್ತರಿಸಿದ್ದೀ. ಮುಂದಿನ ವರ್ಷ ಸಡಿಲ ಹಾಕಿದರಾಯಿತು. ಯಾರಿಗೆ ಗೊತ್ತಾಗಬೇಕು?

ಈ ಸಾಲು ಬರೆದವನು ನಾನೇನಾ ಎಂದು ತಿರುಗಿ ತಿರುಗಿ ಓದಿದೆ. ಹೊಡೆದು ಹಾಕಲಿಲ್ಲ. ಇರಲಿ, ನಿನಗೂ ಕಾಣಲಿ.

ಹಿಟ್ಟು ಮುಗಿಸಿದ್ದೇನೆ. ಡಬ್ಬಿ ತೊಳೆದಿದೆ.

ಪ್ರಸಾದ


ಬಾನ್
21 ಏಪ್ರಿಲ್ 2002

ಲೇ ಬಸ್ಯಾ,

ಮಾರ್ಚಿನಲ್ಲಿ ನಿನ್ನನ್ನು ಹಿಡಿದು ಹೊಡೆಯಬೇಕೆನಿಸಿತ್ತು. ಕಡಲು ದೊಡ್ಡದಿತ್ತು, ಸಿಟ್ಟು ಅಷ್ಟು ದೂರ ಬರಲಿಲ್ಲ.

ಸಭೆ ಮುಗಿಯಿತು. ಉದ್ದನೆಯ ಮೇಜು, ಆರು ಜನ, ಮಧ್ಯೆ ನೀರಿನ ಬಾಟಲಿಗಳು. ಕತ್ತರಿಸಿದ ಪಟ್ಟಿಗಳ ಚೀಲವನ್ನು ಮೇಜಿನ ಮೇಲೆ ಸುರಿದೆ. ಗಾಜಿನ ಬಳೆಯಾಗಿದ್ದರೆ ಸಪ್ಪಳ ಚೆಂದವಿರುತ್ತಿತ್ತು. ನಿರ್ದೇಶಕರು ಒಳ್ಳೆಯ ಮನುಷ್ಯ, ನನಗೆ ದಾರಿ ಬಿಟ್ಟುಕೊಟ್ಟರು. “ನಿಮ್ಮ ತಮ್ಮ ಹೇಳಿದ್ದು ನೆನಪಿದೆ. ನಿಮ್ಮ ಮೇಲೆ ಒತ್ತಡವಿತ್ತು ಎಂದಾದರೆ ಅದನ್ನು ಹಾಗೇ ದಾಖಲಿಸೋಣ” ಎಂದರು. ನಿನ್ನ ಸುಳ್ಳು ನನಗೆ ಕೊಡೆಯಾಗಿ ಬಂದಿತ್ತು ನೋಡು! ಅದರಡಿ ನಿಂತಿದ್ದರೆ ಕೆಲಸವೂ ಉಳಿಯುತ್ತಿತ್ತೋ ಏನೋ. ಹೆನ್ನಿಂಗನೂ ಬಾಯಿ ತೆರೆದ, ಮುಖ್ಯಸ್ಥ ತಾನು, ಹೊಣೆ ತನ್ನದು ಅಂದ.

ನಾನು ಅಂದೆ, ಯಾರೂ ಬಲವಂತ ಮಾಡಿಲ್ಲ. ಅಳತೆ ನನ್ನದು, ಹೆಮ್ಮೆ ನನ್ನದು, ನಿಯಮ ಮಾಡಿಸಿದವಳೂ ನಾನು.

ಕೆಲಸ ಸಿಗಲಿಲ್ಲ. ಕೇಂದ್ರ ಉಳಿಯಿತು. ಇನ್ನು ಮುಂದೆ ಗರಿ ಉದುರಿ ಮುಗಿಯುವತನಕ ಹಲಗೆ ಬಡಿಯುವ ಹಾಗಿಲ್ಲ, ಪೂರ್ತಿ ಒಂದು ವರ್ಷ ನೋಡುವತನಕ ಹೊಸ ಪಟ್ಟಿ ಹಾಕುವ ಹಾಗೂ ಇಲ್ಲ. ನನ್ನ ಪರವಾನಗಿಯನ್ನು ಇನ್ನೊಂದು ಬೇಸಿಗೆಯ ಮಟ್ಟಿಗೆ ಹಿಗ್ಗಿಸಲು ಹೆನ್ನಿಂಗ್ ಓಡಾಡುತ್ತಿದ್ದಾನೆ. ಸಿಕ್ಕರೆ ನವೆಂಬರಿನಲ್ಲಿ ಹೋಗುತ್ತೇನೆ, ಉಳಿದವನ್ನು ಕತ್ತರಿಸಲು ಮಾತ್ರ. ಸಿಗದಿದ್ದರೆ ಊರು. ಅವ್ವನ ಅಂಗಡಿಯಲ್ಲಿ ಕೂತು ಮೊದಲಿಂದ ಕಲಿಯುತ್ತೇನೆ.

“ಯಾರಿಗೆ ಗೊತ್ತಾಗಬೇಕು” ಅಂದೆ. ಆ ಒಂದು ಸಾಲಿಗಾಗಿ ನಿನ್ನ ಮೇಲೆ ಪ್ರೀತಿ ಬಂತು, ಆ ಒಂದು ಸಾಲಿಗಾಗಿ ನಾಚಿಕೆಯೂ ಆಯಿತು. ಬೇರೆ ಕೇಂದ್ರಗಳಲ್ಲೂ ಪಟ್ಟಿ ಹಾಕುತ್ತಾರೆ, ಬೇರೆಯವರೂ ಫೆಬ್ರವರಿಯಲ್ಲಿ ಹಲಗೆ ಬಡಿಯುತ್ತಾರೆ. ಅವರಿಗೆ ಗೊತ್ತಾಗಬೇಕು.

ಇದರ ಜೊತೆ ಒಂದು ಬಳೆ ಕಳಿಸುತ್ತಿದ್ದೇನೆ. ಮೊದಲ ಹಕ್ಕಿಯದು. ಸುತ್ತಲು ಮನೆಯಲ್ಲಿ ನಿನ್ನ ಕರಪತ್ರಗಳ ಕಟ್ಟು ಬಿಟ್ಟು ಬೇರೆ ಕಾಗದ ಸಿಗಲಿಲ್ಲ. ಅವ್ವನ ಹಾಗೇ ಮಡಿಚಿ ಸುತ್ತಿದ್ದೇನೆ. ಒಂದು ಬದಿಗೆ ಮಾತ್ರ ಅಚ್ಚಾಗಿದೆ.

ನಿನ್ನಕ್ಕ


ಹರ್ಟ್ಸೋಗೆನಾವ್‌ರಾಕ್
28 ಏಪ್ರಿಲ್ 2002

ಅಕ್ಕಾ,

ಬಳೆ ತಲುಪಿತು. ಕತ್ತರಿಸಿದ ತುದಿಗಳನ್ನು ಕೂಡಿಸಿದರೆ ನನ್ನ ಎರಡು ಬೆರಳು ಕೂಡ ಅದರಲ್ಲಿ ಸರಾಗವಾಗಿ ಆಡುವುದಿಲ್ಲ. ಆಫೀಸಿನ ಮೇಜಿನ ಮೇಲೆ ಇಟ್ಟಿದ್ದೆ, ಪಕ್ಕದ ಜರ್ಮನ್ ಹುಡುಗ ಏನಿದು ಅಂದ. ಮಧ್ಯಾಹ್ನವಿಡೀ ಹೇಳಿದೆ. ಅವನು ಊಟಕ್ಕೂ ಏಳಲಿಲ್ಲ.

ಕಾಗದದ ಮಡಿಕೆ ಬಿಡಿಸಿ ಹಿಂಬದಿಯಲ್ಲಿ ಬರೆದೆ. ಆಂಕೆಗೆ ಫೋನಿನಲ್ಲಿ ಓದಿ ಹೇಳಿದೆ. ಅವಳಿಗೆ ಹಿಡಿಸಲಿಲ್ಲ. ಶತ್ರು ಯಾರೆಂದು ಸ್ಪಷ್ಟವಿಲ್ಲವಂತೆ, ಇದನ್ನು ತಮ್ಮ ಗುಂಪಿನ ಹೆಸರಲ್ಲಿ ಹಂಚಲಾಗದಂತೆ. ಸರಿ, ನನ್ನ ಹೆಸರಲ್ಲೇ ಹಂಚುತ್ತೇನೆ. ಮುಂದಿನ ಶುಕ್ರವಾರ ರಜೆ ಹಾಕಿ ಬಾನ್‌ಗೆ ಬರುತ್ತೇನೆ. ಮೊದಲು ಮೆನ್ಸಾ, ಆಮೇಲೆ ಸಂಗ್ರಹಾಲಯದ ಬಾಗಿಲು, ಅದೇ ಮೆಟ್ಟಿಲು. ಸುಳ್ಳು ಹೇಳಿದ ಜಾಗದಲ್ಲೇ ನಿಲ್ಲಬೇಕು. ಆಮೇಲೆ ನಿನ್ನ ಕೋಣೆ. ಹೊಡೆಯುವುದಿದ್ದರೆ ಹೊಡಿ, ರೊಟ್ಟಿ ಮಾತ್ರ ಮಾಡಿರು.

ಕರಡು ಇದರ ಜೊತೆಗಿದೆ. ಹಕ್ಕಿಗಳ ವಿಷಯದಲ್ಲಿ ತಪ್ಪಿದ್ದರೆ ತಿದ್ದು, ಜರ್ಮನ್ ತಪ್ಪಿದ್ದರೆ ಉಟೆಗೆ ತೋರಿಸು. ಮೊದಲ ಸಾಲನ್ನು ಬರೆಯಲು ನನಗೆ ಮೂರು ದಿನ ಹಿಡಿಯಿತು. ಅದನ್ನು ತಿದ್ದಬೇಡ:

‘ಈ ಬಳೆ ಇಟ್ಟವಳು ನನ್ನ ಅಕ್ಕ ಶ್ರೀದೇವಿ ಬಳಿಗೇರ. ಆಕೆಯನ್ನು ಯಾರೂ ಬಲವಂತ ಮಾಡಿರಲಿಲ್ಲ.’

ನಿನ್ನ ತಮ್ಮ,
ಪ್ರಸಾದ